ಟಾಪ್ ಗೇರಿನ ಹಟ ಸಾಕು

ಬೈಕ್ ಹೊರಟ ಕೂಡಲೇ ಒಂದೊಂದೇ ಗೇರ್ ಏರಿಸಿ ಆದಷ್ಟು ಬೇಗ ಟಾಪ್‌ಗೆ ತಲುಪಬೇಕು, ತಲುಪಿದ ಮೇಲೆ ಆದಷ್ಟು ಹೊತ್ತು ಅಲ್ಲಿಂದ ಇಳಿಯಬಾರದು. ನಮ್ಮಲ್ಲಿ ಬಹುಪಾಲು ಸವಾರರು ಪಾಲಿಸುವ ನಿಯಮ ಇದು. ಇದನ್ನು ಯಾರೂ ಪುಸ್ತಕ ಓದಿ ಕಲಿತಿಲ್ಲ. ಅಣ್ಣನಿಂದ ತಮ್ಮನಿಗೆ, ಗೆಳೆಯನಿಂದ ಗೆಳೆಯನಿಗೆ ಬಾಯಿಮಾತಿನಲ್ಲಿ ದಾಟಿ ಬಂದಿದೆ. ರೋಡ್ ಹಂಪ್ ಎದುರಾದರೆ ಕ್ಲಚ್ ಹಿಡಿದು ನಾಲ್ಕನೇ ಗೇರಿನಲ್ಲೇ ದಾಟಿಸುವುದು, ಏರು ಬಂದರೆ ಗೇರ್ ಇಳಿಸುವ ಬದಲು ಎಕ್ಸಿಲರೇಟರ್ ಪೂರ್ತಿ ತಿರುಗಿಸುವುದು, ಇಳಿಜಾರು ಸಿಕ್ಕರೆ ನ್ಯೂಟ್ರಲ್‌ಗೆ ಹಾಕಿ ಬಿಡುವುದು ಎಲ್ಲವೂ ಆ ನಿಯಮದಿಂದ ಹುಟ್ಟಿದ ಅಭ್ಯಾಸಗಳು. ಇವುಗಳ ಹಿಂದಿರುವ ಕಾರಣ ಒಂದೇ, ಪೆಟ್ರೋಲ್ ಉಳಿತಾಯ. ಲೀಟರಿನ ಬೆಲೆ ನೂರು ರೂಪಾಯಿ ದಾಟಿರುವಾಗ ಆ ಕಾಳಜಿಯನ್ನು ತಪ್ಪೆನ್ನಲಾಗದು. ಆದರೆ ಅದಕ್ಕಾಗಿ ಹಿಡಿದ ದಾರಿ ಅರ್ಧ ಮಾತ್ರ ಸರಿ. ಗೇರನ್ನು ಆಯ್ದುಕೊಳ್ಳಬೇಕಾದದ್ದು ಆ ಕ್ಷಣ ಎಂಜಿನ್ ಮೇಲೆ ಎಷ್ಟು ಭಾರ ಬಿದ್ದಿದೆ, ಅದನ್ನು ಯಾವ ಸುತ್ತಿನಲ್ಲಿ ಅದು ನಿರಾಯಾಸವಾಗಿ ಹೊರಬಲ್ಲದು ಎಂಬುದನ್ನು ನೋಡಿ. ಇದು ಎಂಜಿನ್ನಿನ ಆಯುಸ್ಸಿನ ವಿಷಯವಾಗಿರುವಷ್ಟೇ ಸವಾರನ ಆಯುಸ್ಸಿನ ವಿಷಯವೂ ಹೌದು. ಆದ್ದರಿಂದ ಇದನ್ನು ಕಲಿಸಬೇಕು, ಪರವಾನಗಿ ಕೊಡುವ ಮುನ್ನ ಪರೀಕ್ಷಿಸಬೇಕು ಎಂಬುದು ಈ ಬರಹದ ವಾದ.

ಮೊದಲು ಎಂಜಿನ್ನಿನೊಳಗೆ ನಡೆಯುವುದನ್ನು ನೋಡೋಣ. ನಮ್ಮ ರಸ್ತೆಯ ಬಹುತೇಕ ಬೈಕುಗಳದ್ದು ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್. ಅದರಲ್ಲಿ ಕ್ರ್ಯಾಂಕ್ ಎರಡು ಸುತ್ತು ಸುತ್ತಿದಾಗ ಇಂಧನ ಒಮ್ಮೆ ಉರಿಯುತ್ತದೆ, ಬೈಕನ್ನು ಮುಂದಕ್ಕೆ ತಳ್ಳುವ ಬಲ ಹುಟ್ಟುವುದು ಆ ಒಂದು ಹೊಡೆತದಲ್ಲಿ ಮಾತ್ರ. ಮಿಕ್ಕ ಮೂರು ಸ್ಟ್ರೋಕ್‌ಗಳಲ್ಲಿ ಅದೇ ಹೊಡೆತದ ಓಟವೇ ಎಂಜಿನ್ನನ್ನು ತಿರುಗಿಸುತ್ತದೆ. ನಿಮಿಷಕ್ಕೆ 3000 ಸುತ್ತಿನಲ್ಲಿ ಸೆಕೆಂಡಿಗೆ 25 ಹೊಡೆತ ಬೀಳುತ್ತವೆ. 1800 ಸುತ್ತಿಗೆ ಇಳಿದರೆ 15 ಮಾತ್ರ. ಹೊಡೆತಗಳ ನಡುವಿನ ಅಂತರ ಹೆಚ್ಚಿದಾಗ, ಅದರಲ್ಲೂ ಎಕ್ಸಿಲರೇಟರ್ ಪೂರ್ತಿ ತೆರೆದಿದ್ದಾಗ, ಪ್ರತಿ ಹೊಡೆತವೂ ಬಿಡಿಬಿಡಿಯಾಗಿ ಚೈನನ್ನು ಜಗ್ಗುತ್ತದೆ. ಫುಟ್‌ರೆಸ್ಟ್ ನಡುಗುತ್ತದೆ, ಚೈನ್ ಬಡಿದುಕೊಳ್ಳುತ್ತದೆ, ಗಾಡಿ ಜರ್ಕ್ ಹೊಡೆಯುತ್ತದೆ. ಮೆಕ್ಯಾನಿಕ್‌ಗಳು ನಾಕ್ ಎಂದು ಕರೆಯುವ ಟಕಟಕ ಸದ್ದು ಕೇಳಿದರೆ, ಇಂಧನ ಹೊತ್ತಿಕೊಳ್ಳಬೇಕಾದ ಕ್ರಮ ತಪ್ಪಿ ಸಿಲಿಂಡರಿನೊಳಗೆ ಒತ್ತಡ ಒಮ್ಮೆಲೇ ಏರುತ್ತಿದೆ ಎಂದರ್ಥ. ಎಂಜಿನ್ ಆಯಿಲನ್ನು ಮೇಲೆತ್ತುವ ಪಂಪ್ ತಿರುಗುವುದೂ ಇದೇ ಕ್ರ್ಯಾಂಕಿನಿಂದ. ಸುತ್ತು ಕಡಿಮೆಯಾದರೆ ಆಯಿಲ್ ಹರಿವೂ ಕಡಿಮೆಯಾಗಿ, ಲೋಹಕ್ಕೆ ಲೋಹ ತಾಗದಂತೆ ಕಾಯುವ ಆಯಿಲ್ ಪದರ ತೆಳುವಾಗುತ್ತದೆ. ಭಾರ ಅತಿ ಹೆಚ್ಚಾಗಿರುವ ಹೊತ್ತಿನಲ್ಲೇ ರಕ್ಷಣೆ ಅತಿ ಕಡಿಮೆಯಾಗುತ್ತದೆ.

ಲೆಕ್ಕ ಹಾಕಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಎಂಜಿನ್ ಕೊಡುವ ಶಕ್ತಿ ಎಂದರೆ ಅದರ ತಿರುಗಿಸುವ ಬಲ, ಅಂದರೆ ಟಾರ್ಕ್, ಮತ್ತು ಅದು ಸುತ್ತುವ ವೇಗದ ಗುಣಲಬ್ಧ. ಹೀರೋ ಸ್ಪ್ಲೆಂಡರ್ ಪ್ಲಸ್‌ನ 97.2 ಸಿಸಿ ಎಂಜಿನ್ನಿನ ಗರಿಷ್ಠ ಶಕ್ತಿ ಸುಮಾರು 8 ಅಶ್ವಶಕ್ತಿ. ಅದು ಸಿಗುವುದು 8000 ಸುತ್ತಿನಲ್ಲಿ. ಗರಿಷ್ಠ ಟಾರ್ಕ್ ಸುಮಾರು 8 ನ್ಯೂಟನ್ ಮೀಟರ್. ಅದು 6000 ಸುತ್ತಿನಲ್ಲಿ. ಈ ವರ್ಗದ ಬೈಕ್ ಟಾಪ್ ಗೇರಿನಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಎಂಜಿನ್ ಸುತ್ತು ಸರಿಸುಮಾರು 3000. ಆ ಸುತ್ತಿನಲ್ಲಿ ಗರಿಷ್ಠ ಟಾರ್ಕ್ ಪೂರ್ತಿ ಸಿಕ್ಕಿತೆಂದೇ ಇಟ್ಟುಕೊಂಡರೂ ಶಕ್ತಿ ಮೂರೂವರೆ ಅಶ್ವಶಕ್ತಿಯನ್ನು ಮುಟ್ಟುವುದಿಲ್ಲ. ಈಗ ಬೈಕು, ಇಬ್ಬರು ಸವಾರರು, ಸಾಮಾನು ಸೇರಿ 280 ಕಿಲೋ ತೂಕವನ್ನು, ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಅದೇ ವೇಗದಲ್ಲಿ ಒಯ್ಯಬೇಕು ಎನ್ನಿ. ಆ ತೂಕವನ್ನು ಮೇಲೆತ್ತಲಿಕ್ಕೇ ಎರಡೂವರೆ ಅಶ್ವಶಕ್ತಿ ಬೇಕು. ಟೈರಿನ ಘರ್ಷಣೆ, ಗಾಳಿಯ ತಡೆ, ಚೈನಿನಲ್ಲಿ ಆಗುವ ನಷ್ಟ ಸೇರಿದರೆ ಬೇಡಿಕೆ ಮೂರೂವರೆಯ ಹತ್ತಿರಕ್ಕೆ ಬರುತ್ತದೆ. ಅಂದರೆ ಎಕ್ಸಿಲರೇಟರ್ ಎಷ್ಟು ತಿರುಗಿಸಿದರೂ ಎಂಜಿನ್ನಿನ ಬಳಿ ಕೊಡಲು ಇನ್ನೇನೂ ಉಳಿದಿರುವುದಿಲ್ಲ. ಅದೇ ವೇಗದಲ್ಲಿ ಸೆಕೆಂಡ್ ಗೇರಿಗೆ ಇಳಿಸಿದರೆ ಸುತ್ತು 5000 ದಾಟುತ್ತದೆ, ಲಭ್ಯ ಶಕ್ತಿ ಆರು ಅಶ್ವಶಕ್ತಿಯ ಆಸುಪಾಸಿಗೆ ಏರುತ್ತದೆ. ಗಾಡಿ ಎಳೆಯುತ್ತಿಲ್ಲ, ಪಿಕಪ್ ಹೋಗಿದೆ ಎಂದು ಗ್ಯಾರೇಜಿಗೆ ಬರುವ ದೂರುಗಳಲ್ಲಿ ಎಷ್ಟೋ ಗೇರ್ ಆಯ್ಕೆಯ ತಪ್ಪುಗಳೇ ಆಗಿರುತ್ತವೆ.

ಹಾಗಾದರೆ ಸುಖಕರ ಸುತ್ತು ಎಷ್ಟು? ಎಲ್ಲ ಬೈಕಿಗೂ ಒಪ್ಪುವ ಒಂದೇ ಅಂಕಿ ಇಲ್ಲ, ಗೊಂದಲದ ಮೂಲವೂ ಅಲ್ಲೇ ಇದೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತನ್ನ 27 ನ್ಯೂಟನ್ ಮೀಟರ್ ಟಾರ್ಕನ್ನು 4000 ಸುತ್ತಿನಲ್ಲೇ ಕೊಡುತ್ತದೆ. ಭಾರವಾದ ಫ್ಲೈವೀಲ್ ಇರುವುದರಿಂದ 2500ರ ಆಸುಪಾಸಿನಲ್ಲೂ ಸರಾಗವಾಗಿ ಸಾಗುತ್ತದೆ. ಅದಕ್ಕಿಂತ ಹೆಚ್ಚು ಸಿಸಿ ಇದ್ದ 373 ಸಿಸಿಯ ಕೆಟಿಎಂ ಡ್ಯೂಕ್ 390ರ ಸ್ವಭಾವವೇ ಬೇರೆ. ಅದರ ಗರಿಷ್ಠ ಟಾರ್ಕ್ 7000 ಸುತ್ತಿನಲ್ಲಿ, ಗರಿಷ್ಠ ಶಕ್ತಿ 9000ದಲ್ಲಿ. ಎನ್‌ಫೀಲ್ಡ್ ಓಡಿಸಿ ರೂಢಿಯಾದವರು ಡ್ಯೂಕನ್ನು ಅದೇ ಸುತ್ತಿನಲ್ಲಿ ಓಡಿಸಹೊರಟರೆ ಎಂಜಿನ್ ಮುಗ್ಗರಿಸುತ್ತದೆ. ಡ್ಯೂಕಿನ ರೂಢಿಯಲ್ಲಿ ಎನ್‌ಫೀಲ್ಡನ್ನು ಓಡಿಸಿದರೆ ಬರೀ ಕಂಪನ ಸಿಗುತ್ತದೆ. ಆದರೆ ತತ್ವ ಎಲ್ಲಕ್ಕೂ ಒಂದೇ. ಬೈಕಿನೊಂದಿಗೆ ಬರುವ ಕೈಪಿಡಿಯಲ್ಲಿ ಗರಿಷ್ಠ ಟಾರ್ಕ್ ಯಾವ ಸುತ್ತಿನಲ್ಲಿ ಎಂದು ಬರೆದಿರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಹಗುರ ಕೈಯಲ್ಲಿ ಹೋಗುವಾಗ ಅದರ ಅರ್ಧದಷ್ಟು ಸುತ್ತು ಸಾಕು. ಏರು, ಓವರ್‌ಟೇಕ್, ಹಿಂಬದಿ ಸವಾರರ ಭಾರ ಇದ್ದಾಗ ಅದಕ್ಕಿಂತ ಮೇಲೆ, ಗರಿಷ್ಠ ಟಾರ್ಕಿನ ಸಮೀಪ ಇರಬೇಕು. ಸುತ್ತು ತೋರಿಸುವ ಮೀಟರ್ ಇಲ್ಲದ ಬೈಕಿನಲ್ಲೂ ಕೈಗೆ ಇದು ತಿಳಿಯುತ್ತದೆ. ಎಕ್ಸಿಲರೇಟರ್ ಇನ್ನಷ್ಟು ತಿರುಗಿಸಿದರೂ ವೇಗ ಹೆಚ್ಚದಿದ್ದರೆ ಗೇರ್ ಇಳಿಸಬೇಕು. ಎಕ್ಸಿಲರೇಟರ್ ಅಷ್ಟೇನೂ ತೆರೆಯದೆಯೂ ಎಂಜಿನ್ ಚೀರುತ್ತಿದ್ದರೆ ಏರಿಸಬೇಕು.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಮೈಲೇಜಿನದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದಂದಿನಿಂದ ನಮ್ಮ ಬೈಕ್ ಮಾರುಕಟ್ಟೆ ನಿಂತಿರುವುದೇ ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಎಂಬ ಆಶ್ವಾಸನೆಯ ಮೇಲೆ. ಕಡಿಮೆ ಸುತ್ತಿನಲ್ಲಿ ಎಂಜಿನ್ನಿನ ಒಳಘರ್ಷಣೆ ಕಡಿಮೆಯಾಗುವುದು ನಿಜ, ಸಮತಟ್ಟಾದ ಖಾಲಿ ರಸ್ತೆಯಲ್ಲಿ 45–50ರ ವೇಗದಲ್ಲಿ ಟಾಪ್ ಗೇರಿನಲ್ಲಿ ಹೋಗುವುದೇ ಮಿತವ್ಯಯ ಎಂಬುದೂ ನಿಜ. ಆದರೆ ಈ ಲಾಭ ಒಂದು ಮಿತಿಯವರೆಗೆ ಮಾತ್ರ. ಎಂಜಿನ್ ಅತಿ ಕಡಿಮೆ ಇಂಧನದಲ್ಲಿ ಅತಿ ಹೆಚ್ಚು ಕೆಲಸ ಮಾಡುವುದು ನಡುಮಟ್ಟದ ಸುತ್ತಿನಲ್ಲಿ, ಸಾಕಷ್ಟು ಭಾರ ಹೊತ್ತಿರುವಾಗ. ಅತಿ ಕಡಿಮೆ ಸುತ್ತಿನಲ್ಲಿ ಉರಿತ ನಿಧಾನವಾಗಿ, ಶಾಖ ಸಿಲಿಂಡರಿನ ಗೋಡೆಗೆ ಹೆಚ್ಚು ಸೋರಿಹೋಗುತ್ತದೆ. ಎಕ್ಸಿಲರೇಟರ್ ಪೂರ್ತಿ ತೆರೆದಾಗ, ಕಾರ್ಬ್ಯುರೇಟರ್ ಇರಲಿ ಇಂಜೆಕ್ಷನ್ ಇರಲಿ, ಗಾಳಿಯ ಪ್ರಮಾಣಕ್ಕೆ ಹೋಲಿಸಿದರೆ ಪೆಟ್ರೋಲನ್ನು ಹೆಚ್ಚಾಗಿ ಬೆರೆಸುವಂತೆ ಹೊಂದಿಸಿರುತ್ತಾರೆ. ಆದ್ದರಿಂದ ಏರಿನಲ್ಲಿ ಟಾಪ್ ಗೇರಿಗೆ ಜೋತುಬಿದ್ದು ಎಕ್ಸಿಲರೇಟರ್ ಪೂರ್ತಿ ಹಿಡಿದವರು ಪೆಟ್ರೋಲ್ ಉಳಿಸುತ್ತಿಲ್ಲ. ನಿಜವಾಗಿ ಪೆಟ್ರೋಲ್ ಉಳಿಸುವ ದಾರಿಗಳು ಬೇರೆ ಇವೆ: ಟೈರಿನಲ್ಲಿ ಸರಿಯಾದ ಗಾಳಿ, ಒಣಗದ ಚೈನ್, ಮುಂದಿನ ಸಿಗ್ನಲ್ ಕೆಂಪಾಗಿರುವುದು ಕಂಡ ಕೂಡಲೇ ಎಕ್ಸಿಲರೇಟರ್ ಬಿಡುವುದು, ಅನಗತ್ಯವಾಗಿ ಬ್ರೇಕ್ ಹಿಡಿಯದ ಓಟ.

ಎರಡನೆಯ ಆಕ್ಷೇಪ, ರೇಸ್ ಕೊಟ್ಟು ಓಡಿಸಿದರೆ ಎಂಜಿನ್ ಬೇಗ ಸವೆಯುತ್ತದೆ ಎಂಬುದು. ಇಲ್ಲೂ ಸತ್ಯದ ಒಂದು ಪಾಲಿದೆ. ಸುತ್ತು ಎರಡರಷ್ಟಾದರೆ ಪಿಸ್ಟನ್ ಮೇಲೆ ಕೆಳಗೆ ಹೊಯ್ದಾಡುವಾಗ ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಜಗ್ಗಾಟ ನಾಲ್ಕರಷ್ಟಾಗುತ್ತದೆ. ಅದಕ್ಕೇ ತಯಾರಕರು ಕೆಂಪು ಗೆರೆ ಎಳೆದು ಇದಕ್ಕಿಂತ ಮೇಲೆ ಹೋಗಬೇಡಿ ಎನ್ನುತ್ತಾರೆ. ಆದರೆ ನಾವು ಹೇಳುತ್ತಿರುವುದು ಕೆಂಪು ಗೆರೆಯ ಬಳಿ ಓಡಿಸಿ ಎಂದಲ್ಲ. 8000 ಸುತ್ತಿನವರೆಗೆ ಗರಿಷ್ಠ ಶಕ್ತಿ ಕೊಡಲೆಂದು ರೂಪಿಸಿದ ಎಂಜಿನ್ನಿಗೆ 4500–5000 ನಡುಮಟ್ಟ, ಅದು ದಿನವಿಡೀ ಇರಬಲ್ಲ ಜಾಗ. ನಡುಮಟ್ಟದ ಸುತ್ತಿನಲ್ಲಿ ಎಕ್ಸಿಲರೇಟರ್ ಅರ್ಧ ತೆರೆದ ಎಂಜಿನ್ನಿಗಿಂತ ಕಡಿಮೆ ಸುತ್ತಿನಲ್ಲಿ ಪೂರ್ತಿ ತೆರೆದ ಎಂಜಿನ್ ಹೆಚ್ಚು ನೋಯುತ್ತದೆ. ಒತ್ತಡ ಅಲ್ಲಿ ಹೆಚ್ಚು, ಆಯಿಲ್ ಅಲ್ಲಿ ಕಡಿಮೆ. ಹೊಸ ಬೈಕಿನ ಮೊದಲ ಸರ್ವಿಸ್‌ವರೆಗೆ ಅತಿವೇಗ ಬೇಡ ಎಂದು ಎಲ್ಲರೂ ಎಚ್ಚರಿಸುತ್ತಾರೆ. ಅದೇ ಅವಧಿಯಲ್ಲಿ ಹೆಚ್ಚಿನ ಗೇರಿನಲ್ಲಿ ಎಂಜಿನ್ನನ್ನು ತಿಣುಕಾಡಿಸಬೇಡಿ ಎಂಬ ಎಚ್ಚರಿಕೆಯೂ ಕೈಪಿಡಿಗಳಲ್ಲಿರುತ್ತದೆ, ಅದನ್ನು ಮಾತ್ರ ಯಾರೂ ಓದಿ ಹೇಳುವುದಿಲ್ಲ.

ಇಲ್ಲಿಯವರೆಗಿನದು ಯಂತ್ರದ ಮಾತು. ವಿಷಯ ಜೀವಕ್ಕೆ ಬರುವುದು ಘಾಟಿಗಳಲ್ಲಿ. ಕರ್ನಾಟಕದ ಕರಾವಳಿಗೂ ಮಲೆನಾಡಿಗೂ ನಡುವೆ ಆಗುಂಬೆ, ಚಾರ್ಮಾಡಿ, ಶಿರಾಡಿ, ಹುಲಿಕಲ್ ಘಾಟಿಗಳಿವೆ. ಆಗುಂಬೆಯೊಂದರಲ್ಲೇ 14 ಹೇರ್‌ಪಿನ್ ತಿರುವುಗಳು. ಹತ್ತುವಾಗ ತಪ್ಪಾದ ಗೇರಿನಲ್ಲಿ ತಿರುವಿಗೆ ನುಗ್ಗಿದರೆ ಎಂಜಿನ್ ನಡುದಾರಿಯಲ್ಲಿ ಉಸಿರು ಕಟ್ಟುತ್ತದೆ. ಬೈಕು ವಾಲಿರುವ ಸ್ಥಿತಿಯಲ್ಲಿ, ಹಿಂದೆ ಬಸ್ಸು ಬರುತ್ತಿರುವಾಗ, ಹಿಂಬದಿ ಸವಾರರ ಭಾರದೊಂದಿಗೆ ಎಂಜಿನ್ ಆಫ್ ಆದರೆ ಬೀಳುವುದು ಬಹುತೇಕ ಖಚಿತ. ಆದ್ದರಿಂದ ಗೇರ್ ಇಳಿಸಬೇಕಾದದ್ದು ತಿರುವಿಗೆ ಮುಂಚೆ, ಬೈಕು ನೆಟ್ಟಗಿರುವಾಗ. ಇಳಿಯುವಾಗಿನ ಅಪಾಯ ಇನ್ನೂ ದೊಡ್ಡದು. ಅದೇ 280 ಕಿಲೋ ತೂಕ 500 ಮೀಟರ್ ಎತ್ತರದಿಂದ ಕೆಳಗಿಳಿಯಿತೆನ್ನಿ. ಆಗ ಬಿಡುಗಡೆಯಾಗುವ ಶಕ್ತಿಯಿಂದ ಸುಮಾರು 4 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಗಾಳಿ ಮತ್ತು ಟೈರು ಸ್ವಲ್ಪ ಪಾಲನ್ನು ಹೀರಿಕೊಳ್ಳುತ್ತವೆ. ಉಳಿದದ್ದು ಎಂಜಿನ್ನಿಗೆ ಹೋಗಬೇಕು, ಇಲ್ಲವೇ ಬ್ರೇಕಿಗೆ ಹೋಗಬೇಕು. ನ್ಯೂಟ್ರಲ್‌ಗೆ ಹಾಕಿದ ಸವಾರ ಅಷ್ಟೂ ಶಾಖವನ್ನು ಎರಡು ಚಿಕ್ಕ ಬ್ರೇಕುಗಳಿಗೆ ಒಪ್ಪಿಸುತ್ತಾನೆ. ಡ್ರಮ್ ಬ್ರೇಕು ಕಾದಂತೆ ಹಿಡಿತ ಕಳೆದುಕೊಳ್ಳುತ್ತದೆ, ಅದು ತಿಳಿಯುವುದು ಕೊನೆಯ ತಿರುವುಗಳಲ್ಲಿ. ಹತ್ತಲು ಬೇಕಾದ ಗೇರಿನಲ್ಲೇ ಇಳಿಯಬೇಕು ಎಂಬ ಹಳೆಯ ಚಾಲಕರ ಮಾತಿನ ಹಿಂದಿರುವುದು ಈ ಲೆಕ್ಕವೇ.

ಇಳಿಜಾರಿನಲ್ಲಿ ಗೇರಿನಲ್ಲಿ ಬಿಟ್ಟರೆ ಎಂಜಿನ್ ಹಾಳು ಎಂಬ ನಂಬಿಕೆಗೂ ಒಂದು ಇತಿಹಾಸವಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್ ಬೈಕುಗಳು. ಅವುಗಳಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತಿದ್ದರು. ಉದ್ದದ ಇಳಿಜಾರಿನಲ್ಲಿ ಎಕ್ಸಿಲರೇಟರ್ ಮುಚ್ಚಿದರೆ ಪೆಟ್ರೋಲಿನ ಜೊತೆಗೆ ಆಯಿಲೂ ಕಡಿಮೆಯಾಗಿ, ವೇಗವಾಗಿ ಸುತ್ತುವ ಪಿಸ್ಟನ್ ಒಣಗುವ ಭಯವಿತ್ತು. ಆ ಕಾಲಕ್ಕೆ ಅದು ಸಕಾರಣ ಎಚ್ಚರಿಕೆ. ಆದರೆ ಆ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಇಂದಿನ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್ ಬೇರೆಯೇ ಇರುತ್ತದೆ, ಪಂಪ್ ಅದನ್ನು ಸುತ್ತಿಗೆ ತಕ್ಕಂತೆ ಹರಿಸುತ್ತದೆ, ಎಕ್ಸಿಲರೇಟರ್ ಮುಚ್ಚಿದ್ದರೂ ಅದಕ್ಕೆ ತಡೆಯಿಲ್ಲ. ಪೆಟ್ರೋಲಿನ ಲೆಕ್ಕವೂ ಬದಲಾಗಿದೆ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಜಾರಿಯಾದ ಮೇಲೆ ಬಹುತೇಕ ಬೈಕುಗಳಿಗೆ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಗೇರಿನಲ್ಲಿರುವಾಗ ಎಕ್ಸಿಲರೇಟರ್ ಬಿಟ್ಟು ಇಳಿದರೆ ಇಂಥ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಇಂಧನ ಪೂರೈಕೆ ನಿಲ್ಲುತ್ತದೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತಾನಾಗಿ ಓಡುತ್ತಿರಲು ಪೆಟ್ರೋಲ್ ಉರಿಸಲೇಬೇಕು. ಬ್ರೇಕ್ ಹಿಡಿಯಬೇಕಾಗುವಷ್ಟು ಇಳಿಜಾರಿನಲ್ಲಿ ನ್ಯೂಟ್ರಲ್‌ನಿಂದ ಅಪಾಯವಲ್ಲದೆ ಲಾಭ ಏನೂ ಇಲ್ಲ. ಕೀಲಿ ತಿರುಗಿಸಿ ಎಂಜಿನ್ನನ್ನೇ ಆಫ್ ಮಾಡುವವರಂತೂ ಹೆಡ್‌ಲೈಟ್, ಹಾರ್ನ್, ಎಬಿಎಸ್ ಇದ್ದರೆ ಅದನ್ನೂ ಜೊತೆಗೇ ಕಳೆದುಕೊಳ್ಳುತ್ತಾರೆ.

ಮಲೆನಾಡಿನ ಮಳೆಯಲ್ಲಿ ಗೇರ್ ಇಳಿಸಿದರೆ ಹಿಂದಿನ ಚಕ್ರ ಜಾರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಎರಡು ಮೂರು ಗೇರ್ ಒಮ್ಮೆಲೇ ಇಳಿಸಿ ಕ್ಲಚ್ಚನ್ನು ಧಡಕ್ಕನೆ ಬಿಟ್ಟರೆ ಖಂಡಿತ ಜಾರುತ್ತದೆ. ಒಂದೊಂದೇ ಇಳಿಸಿ, ಕ್ಲಚ್ ಬಿಡುವ ಮುನ್ನ ಎಕ್ಸಿಲರೇಟರನ್ನು ತುಸು ತಿರುಗಿಸಿ ಸುತ್ತನ್ನು ಹೊಂದಿಸಿಕೊಂಡರೆ ಜಾರುವುದಿಲ್ಲ. ಇದು ಕಲಿತರೆ ಬರುವ ವಿದ್ಯೆ, ಕಲಿಸಬೇಕು ಎನ್ನಲು ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ. ನಗರದ ಸಂಚಾರಕ್ಕೂ ಇದೇ ಮಾತು ಸಲ್ಲುತ್ತದೆ. ಬೆಂಗಳೂರಿನ ದಟ್ಟಣೆಯಲ್ಲಿ ನಾಲ್ಕನೇ ಗೇರಿನಲ್ಲಿ ಹಾಫ್ ಕ್ಲಚ್ ಹಿಡಿದು ತೆವಳುವವರು ಕ್ಲಚ್ ಪ್ಲೇಟನ್ನು ಸವೆಸುತ್ತಾರೆ. ಪಕ್ಕದಿಂದ ಬಸ್ಸು ನುಗ್ಗಿದಾಗ ತಟ್ಟನೆ ಮುಂದೆ ಸರಿಯುವ ಶಕ್ತಿಯೂ ಅವರ ಕೈಯಲ್ಲಿರುವುದಿಲ್ಲ. ಹೆದ್ದಾರಿಯಲ್ಲಿ ಲಾರಿಯನ್ನು ಟಾಪ್ ಗೇರಿನಲ್ಲೇ ಹಿಂದಿಕ್ಕಲು ಹೊರಟ ಸವಾರ ಎದುರಿನ ಲೇನಿನಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇರುತ್ತಾನೆ. ಒಂದು ಗೇರ್ ಕೆಳಗೆ ಇಳಿಸಿ ಹೊರಟಿದ್ದರೆ ಆ ಅಪಾಯದ ಹೊತ್ತು ಕಿರಿದಾಗುತ್ತಿತ್ತು. ಸುತ್ತು ಹೆಚ್ಚಾದರೆ ಸದ್ದು ಹೆಚ್ಚು, ಊರಿಗೆ ಕಿರಿಕಿರಿ ಎಂಬ ಮಾತೂ ಇದೆ. ಕಂಪನಿ ಕೊಟ್ಟ ಸೈಲೆನ್ಸರ್ ಇರುವ ಬೈಕು ನಡುಮಟ್ಟದ ಸುತ್ತಿನಲ್ಲಿ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಕೆಡಿಸುವುದು ಬದಲಾಯಿಸಿ ಹಾಕಿಸಿದ ಸೈಲೆನ್ಸರ್‌ಗಳು.

ಗೇರ್ ಇಲ್ಲದ ಸ್ಕೂಟರ್‌ಗಳೂ ವಿದ್ಯುತ್ ವಾಹನಗಳೂ ಹೆಚ್ಚುತ್ತಿರುವಾಗ ಈ ಚರ್ಚೆಯೇ ಹಳತು ಎನ್ನುವವರೂ ಇದ್ದಾರೆ. ವಿದ್ಯುತ್ ಮೋಟಾರ್ ನಿಂತಲ್ಲಿಂದಲೇ ಪೂರ್ಣ ಟಾರ್ಕ್ ಕೊಡುವುದರಿಂದ ಅದಕ್ಕೆ ಗೇರಿನ ಹಂಗು ಕಡಿಮೆ ಎಂಬುದು ಸರಿ. ಆದರೆ ಹಳ್ಳಿಯಿಂದ ಪೇಟೆಗೆ ಹಾಲಿನ ಕ್ಯಾನು ಹೊತ್ತು ಬರುವ, ತೋಟದಿಂದ ಗೊನೆ ತರುವ, ಕೂಲಿಗೆ ಇಬ್ಬರನ್ನು ಕರೆದೊಯ್ಯುವ ಬೈಕುಗಳು ಇಂದಿಗೂ ಗೇರಿನವೇ. ಅವನ್ನು ಓಡಿಸುವವರಿಗೆ ಭವಿಷ್ಯದ ವಾಹನದ ಮಾತು ಇಂದಿನ ಘಾಟಿಯಲ್ಲಿ ನೆರವಿಗೆ ಬಾರದು. ಕಾನೂನು ಕೂಡ ಈ ವ್ಯತ್ಯಾಸವನ್ನು ಒಪ್ಪಿದೆ. ಮೋಟಾರು ವಾಹನ ಕಾಯ್ದೆ, 1988ರ 10ನೇ ಕಲಂ ಗೇರ್ ಇಲ್ಲದ ಮೋಟಾರ್ ಸೈಕಲ್, ಗೇರ್ ಇರುವ ಮೋಟಾರ್ ಸೈಕಲ್ ಎಂದು ಎರಡು ಬಗೆಯ ಪರವಾನಗಿಗಳನ್ನು ಬೇರ್ಪಡಿಸುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 15ನೇ ನಿಯಮ ಇನ್ನೂ ಮುಂದೆ ಹೋಗುತ್ತದೆ. ಟಾಪ್‌ವರೆಗೆ ಎಲ್ಲ ಗೇರುಗಳನ್ನು ಹಾಕುತ್ತ ಸರಾಗವಾಗಿ ಹೊರಡುವುದು, ಸಂಚಾರಕ್ಕೆ ತಕ್ಕಂತೆ ಟಾಪ್‌ನಿಂದ ಬೇಗ ಕೆಳಗಿನ ಗೇರಿಗೆ ಇಳಿಯುವುದು, ಇಳಿಜಾರಿನಲ್ಲಿ ಬೇಗ ಗೇರ್ ಇಳಿಸುವುದು, ಕಡಿದಾದ ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಉರುಳದಂತೆ ಮತ್ತೆ ಹೊರಡುವುದು ಇವೆಲ್ಲ ಅಭ್ಯರ್ಥಿಗೆ ಬರಬೇಕು ಎಂದು ಅದು ವಿಧಿಸುತ್ತದೆ. ಬೇಕಾದ ಕಾನೂನು ಮೂರು ದಶಕಗಳಿಂದ ಪುಸ್ತಕದಲ್ಲಿದೆ. ಆದರೆ ದ್ವಿಚಕ್ರ ವಾಹನದ ಪರೀಕ್ಷೆ ಎಂದರೆ ಸಮತಟ್ಟಾದ ಅಂಗಳದಲ್ಲಿ ಕಾಲೂರದೆ 8ರ ಆಕಾರ ಸುತ್ತುವುದು ಎಂದೇ ನಮ್ಮಲ್ಲಿ ನೆಲೆಯೂರಿದೆ. ಆ ಅಂಕಿಯನ್ನು ಒಂದನೆಯ ಗೇರಿನಲ್ಲೇ ಮುಗಿಸಬಹುದು. ಎರಡರ ಮೇಲೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಗೇರ್ ಇರುವ ಬೈಕಿನ ಪರವಾನಗಿ ಗೇರ್ ಬಳಕೆಯನ್ನು ನೋಡದೆಯೇ ಕೈಗೆ ಬರುತ್ತದೆ.

ಇದನ್ನು ಸರಿಪಡಿಸಲು ಹೊಸ ಕಾಯ್ದೆ ಬೇಡ, ದೊಡ್ಡ ಹಣವೂ ಬೇಡ. ಆರ್‌ಟಿಒ ಪರೀಕ್ಷಾ ಪಥಗಳಲ್ಲಿ ಒಂದು ಏರು, ಒಂದು ಇಳಿಜಾರು, ಮೂರನೆಯ ಗೇರಿನವರೆಗೆ ಹೋಗಿ ಇಳಿಸಿ ನಿಲ್ಲುವಷ್ಟು ಉದ್ದದ ನೇರ ದಾರಿ ಇದ್ದರೆ 15ನೇ ನಿಯಮ ಕಾಗದದಿಂದ ರಸ್ತೆಗೆ ಇಳಿಯುತ್ತದೆ. ಬೈಕ್ ಕಂಪನಿಗಳು ಯಾವ ಗೇರಿಗೆ ಯಾವ ವೇಗ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿ ಕೊಡಲಿ, ಕೀಲಿ ಕೈಗಿಡುವಾಗ ಶೋರೂಮಿನವರು ಅದನ್ನು ಐದು ನಿಮಿಷ ವಿವರಿಸಲಿ. ಕಡಿಮೆ ಬೆಲೆಯ ಬೈಕಿಗೂ ಗೇರ್ ತೋರಿಸುವ ಅಂಕಿ, ಸುತ್ತು ತೋರಿಸುವ ಮೀಟರ್ ಇರಲಿ. ಅವುಗಳ ಅಗತ್ಯ ಹೆಚ್ಚು ಇರುವುದೇ ಹೊಸದಾಗಿ ಕಲಿಯುವವರಿಗೆ. ಮನೆಯಲ್ಲಿ ಮಕ್ಕಳಿಗೆ, ತಮ್ಮ ತಂಗಿಯರಿಗೆ ಬೈಕ್ ಕಲಿಸುವವರು ಗೇರ್ ಏರಿಸುವುದನ್ನು ಹೇಳಿಕೊಡುವಷ್ಟೇ ಶ್ರದ್ಧೆಯಿಂದ ಇಳಿಸುವುದನ್ನೂ ಹೇಳಿಕೊಡಲಿ. ಓದುಗರಲ್ಲಿ ಒಂದು ವಿನಂತಿ: ಮುಂದಿನ ಬಾರಿ ಏರು ಕಂಡಾಗ ಎಂಜಿನ್ ನಡುಗುವವರೆಗೆ ಕಾಯದೆ ಗೇರ್ ಇಳಿಸಿ, ಘಾಟಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಬೇಡಿ, ಕೀಲಿ ತಿರುಗಿಸಬೇಡಿ. ಉಳಿಯುವ ಪೆಟ್ರೋಲ್ ಹನಿಗಳಷ್ಟು ಮಾತ್ರ. ಪಣಕ್ಕಿಟ್ಟಿರುವುದು ನಿಮ್ಮ ಜೀವ, ಹಿಂದೆ ಕುಳಿತವರ ಜೀವ.